ಮೂರನೇ ಕಲಿಕಾರ್ಥಿ

ಜನವರಿ 6, ಶನಿವಾರ. ಸಂಜೆ 7:30

ಇಂದಿನಿಂದ ವಿಶ್ವವಿದ್ಯಾಲಯ ನಡೆಯುವುದು ನನ್ನಿಂದ. ಎಂ.ಎ. ಓದುವ ಹನ್ನೊಂದು ಮಂದಿ, ಅವರಿಗೆ ಪಾಠ ಹೇಳುವ ಮೇಡಂ, ಎಲ್ಲರೂ ನಾನು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತರು. ಬೆಂಚು ಎಳೆಯುವುದಕ್ಕೂ ಇರಬಹುದು.

ಎಂದಿನಂತೆ ಅಂಗಡಿಯಲ್ಲಿ ಮೂರು ಗೋಡೆ ಗಡಿಯಾರ, ಒಂದು ಲೇಡೀಸ್ ವಾಚು ಮುಗಿಸಿ ನಾಲ್ಕಕ್ಕೇ ಬಾಗಿಲು ಎಳೆದೆ. ಸಂಗತಿ ಇಷ್ಟು. ಅಕ್ಕನ ಮಗಳು ಹಗಲು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ವಯಸ್ಕರ ಶಿಕ್ಷಣದಲ್ಲಿ ಎಂ.ಎ. ಓದುತ್ತಾಳೆ. ದೊಡ್ಡವರಿಗೆ ಪಾಠ ಹೇಳುವುದು ಹೇಗೆ ಎನ್ನುವುದೇ ಅವರಿಗೆ ಪಾಠ. ಒಬ್ಬೊಬ್ಬರೂ ಮೂವರು ದೊಡ್ಡವರಿಗೆ ಹದಿನಾರು ಶನಿವಾರ ಕಲಿಸಿ, ಅದರ ಮೇಲೆ ಪ್ರಬಂಧ ಬರೆಯಬೇಕು. ಇವಳಿಗೆ ಇಬ್ಬರೇ ಸಿಕ್ಕಿದ್ದರು. “ಮಾವ, ನೀವು ಬರ್ಲಿಲ್ಲ ಅಂದ್ರೆ ನನ್ನ ಡಿಗ್ರಿ ಹೋಯ್ತು” ಎಂದು ಫೋನು. ಹೋದೆ.

ಇವಳು ಕಲಿಸುವುದು ಫಾರಂ, ಕರಾರು, ನೋಟಿಸು ಓದಿ ತಿಳಿದುಕೊಳ್ಳುವುದನ್ನು. ನನಗೆ ಅಕ್ಷರ ಚೆನ್ನಾಗಿಯೇ ಬರುತ್ತದೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ, ಕ್ಲಾಸಿಗೇ ಎರಡನೆಯವ. ಇದ್ದದ್ದು ಐವರು. ಆಫೀಸಿನ ಕಾಗದ ಕಂಡರೆ ಮಾತ್ರ ಕಣ್ಣು ಮೇಲಿನ ಸಾಲಿನಿಂದ ನೇರ ಕೊನೆಯ ಸಾಲಿಗೆ ಜಾರುತ್ತದೆ.

ಮೊದಲು ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟಳು. “ಪೂರ್ತಿ ಓದಿ ಮಾವ, ಆಮೇಲೆ ಸಹಿ.” “ನಿನ್ನ ತೊಟ್ಟಿಲು ತೂಗಿದವನು ಕಣೇ ನಾನು. ನಿನ್ನ ಕಾಗದ ಓದಬೇಕಾ?” “ಓದಲೇಬೇಕು. ರೂಲು.” ಆಯಿತು. ತುಟಿ ಅಲ್ಲಾಡಿಸಿದೆ, ಬೆರಳು ಒದ್ದೆ ಮಾಡಿ ಪುಟ ಮಗುಚಿದೆ, ನಡುವೆ ಎರಡು ಸಲ ಹುಬ್ಬು ಗಂಟಿಕ್ಕಿದೆ. ನಾಲ್ಕು ಕಡೆ ಸಹಿ—ಬಾಲ ಎಳೆದು, ಕೆಳಗೆ ಎರಡು ಚುಕ್ಕೆ ಇಟ್ಟು. ಪಕ್ಕದಲ್ಲಿದ್ದ ಬಸ್ ಡ್ರೈವರ್ (ಅವನೂ ಎಂ.ಎ. ವಿದ್ಯಾರ್ಥಿ!) “ಮಾವ, ಮಂತ್ರಿ ಸಹಿ ಇದ್ದ ಹಾಗಿದೆ” ಎಂದ.

ಮನೆಗೆ ಬಂದರೆ ಅಕ್ಕ ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ನಿಂತು ನಿಂತು ಮಂಡಿ ಸವೆದಿವೆ. ಆಪರೇಷನ್ ಆಗಬೇಕು. ರಿಟೈರಾದಾಗ ಬಂದ ಹಣವನ್ನು ಬ್ಯಾಂಕಿನಲ್ಲಿ ನನ್ನ ಹೆಸರಿಗೇ ಇಡಿಸಿದಳು. ಅವಳಿಗೆ ಬ್ಯಾಂಕಿನ ಗಾಜಿನ ಬಾಗಿಲು ಕಂಡರೆ ಆಗದು. “ನೀನಿದ್ದೀಯಲ್ಲೋ” ಎನ್ನುತ್ತಾಳೆ.

ಇದ್ದೇನೆ. ಆ ವಿಷಯ ಇಲ್ಲಿ ಬೇಡ.

ಜನವರಿ 20, ಶನಿವಾರ

ಕ್ಲಾಸಿನ ಗೋಡೆ ಗಡಿಯಾರ ಎರಡು ವರ್ಷದಿಂದ ಹನ್ನೊಂದೂಕಾಲಿನಲ್ಲೇ ನಿಂತಿತ್ತಂತೆ. ಇಷ್ಟೆಲ್ಲ ಓದಿದವರು, ಒಬ್ಬರಿಗೂ ಕೈ ಹಾಕುವ ಧೈರ್ಯವಿಲ್ಲ. ಮೇಜಿನ ಮೇಲೆ ಹತ್ತಿ ಇಳಿಸಿದೆ. ಏಳೇ ನಿಮಿಷ. ಓಡಿತು. ಚಪ್ಪಾಳೆ ಬಿತ್ತು.

ಹತ್ತು ನಿಮಿಷ ಮುಂದಿಟ್ಟಿದ್ದೇನೆ. ಟೀ ಬಿಡುವು ಹತ್ತು ನಿಮಿಷ ಬೇಗ ಬರುತ್ತದೆ. ಇದು ನನಗೂ ಇಸ್ತ್ರಿ ಅಂಗಡಿಯಮ್ಮನಿಗೂ ಮಾತ್ರ ಗೊತ್ತು. ಅವಳು ನಮ್ಮ ಗುಂಪಿನ ಎರಡನೇ ಕಲಿಕಾರ್ಥಿ. ಮೊದಲನೆಯವನು ವಾಚ್‌ಮನ್, ಮಾತೇ ಆಡುವುದಿಲ್ಲ. ಮೂರನೆಯವನು ನಾನು.

ಇನ್ನೊಂದು ಗುಟ್ಟು. ಮೊದಲ ಪರೀಕ್ಷೆ ಇತ್ತು, ಐವತ್ತು ಅಂಕದ್ದು. ಕೊನೆಯ ಶನಿವಾರ ಅಂಥದೇ ಇನ್ನೊಂದು. ಎರಡರ ನಡುವೆ ಎಷ್ಟು ಏರಿತೋ ಅಷ್ಟು ಇವಳ ಪ್ರಬಂಧಕ್ಕೆ ಕಳೆ. ಇಂಥದ್ದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬರುತ್ತಿದ್ದ ಉತ್ತರಗಳನ್ನೂ ತಪ್ಪೇ ಬರೆದೆ. ಒಂಬತ್ತು ಬಂತು. ಪಾಪ, ಹುಡುಗಿಯ ಮುಖ ಬಾಡಿಹೋಯಿತು. “ಪರವಾಗಿಲ್ಲ ಮಾವ, ಕಲೀಬಹುದು” ಎಂದು ನನಗೇ ಸಮಾಧಾನ ಹೇಳಿದಳು. ನಗು ತಡೆಯಲು ಕೆಮ್ಮಬೇಕಾಯಿತು.

ಫೆಬ್ರವರಿ 10, ಶನಿವಾರ

ಈ ಶನಿವಾರಗಳಿಗೆ ಕಾಯುತ್ತಿದ್ದೇನೆ... ಯಾರಿಗೂ ಹೇಳಬಾರದು.

ಬಿಡುವಿನಲ್ಲಿ ಎಲ್ಲರೂ ಕಿಟಕಿಯ ಹತ್ತಿರ. ಹಗಲು ಪಾಳಿ ಮುಗಿಸಿ ನೇರ ಬರುವ ನರ್ಸಮ್ಮ ಫ್ಲಾಸ್ಕು ತರುತ್ತಾಳೆ, ಡ್ರೈವರ್ ಬಿಸ್ಕತ್ತು. ಹನ್ನೊಂದು ವಿದ್ಯಾರ್ಥಿಗಳಲ್ಲಿ ಒಬ್ಬರೂ ಮೂವತ್ತರ ಕೆಳಗಿಲ್ಲ. ಎಲ್ಲರಿಗೂ ಮನೆ, ಸಾಲ, ಬೆನ್ನುನೋವು. ಒಬ್ಬರ ನೋಟ್ಸು ಇನ್ನೊಬ್ಬರು ಬರೆದುಕೊಡುತ್ತಾರೆ. ನಿದ್ದೆ ಬಂದವರನ್ನು ಯಾರೂ ಎಬ್ಬಿಸುವುದಿಲ್ಲ, ಮೇಡಂ ಕೂಡ. ನನ್ನನ್ನು ಎಲ್ಲರೂ ಮಾವ ಎಂದೇ ಕರೆಯುವುದು. ಮೇಡಂ ಸಹ!

ಡ್ರೈವರ್ ಕೇಳಿದ, “ಮಾವ, ನೀವು ಮುಂಚೇನೇ ಕಾಲೇಜಿಗೆ ಹೋಗಿದ್ರೆ ಏನಾಗ್ತಿದ್ರಿ?”

“ಕಾಲೇಜು ಏನಾಗ್ತಿತ್ತು ಅಂತ ಕೇಳಪ್ಪ” ಅಂದೆ.

ನರ್ಸಮ್ಮನಿಗೆ ಟೀ ಮೂಗಿಗೆ ಹೋಯಿತು.

ಫೆಬ್ರವರಿ 24, ಶನಿವಾರ

ಬರೆಯಲೋ ಬೇಡವೋ.

ಇವತ್ತು ಅಭ್ಯಾಸಕ್ಕೆ ತಂದದ್ದು ಸಾಲದ ಕಾಗದ. ಕೊನೆಯ ಪುಟದಲ್ಲಿ ಎರಡು ಸಹಿಯ ಜಾಗ. ಒಂದು ಸಾಕ್ಷಿ, ಒಂದು ಜಾಮೀನು. “ಇವೆರಡಕ್ಕೂ ಏನು ವ್ಯತ್ಯಾಸ, ಯಾರು ಹೇಳ್ತೀರಾ?” ಎಂದಳು. ಇಸ್ತ್ರಿ ಅಂಗಡಿಯಮ್ಮ ತಟ್ಟನೆ ಹೇಳಿದಳು, “ಸಾಕ್ಷಿ ನೋಡ್ದೋನು, ಜಾಮೀನು ಕಟ್ಟೋನು.” ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಒಳಗೆ ಮರಳದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಎಲ್ಲರೂ ಹೋದ ಮೇಲೆ ಇವಳು ಮೆಟ್ಟಿಲ ಮೇಲೆ ಬಂದು ಪಕ್ಕದಲ್ಲಿ ಕೂತಳು. “ಏನಾಯ್ತು ಮಾವ?” ಪಾಠ ರೆಕಾರ್ಡು ಮಾಡುವ ಫೋನು ಅವಳ ಕೈಯಲ್ಲಿತ್ತು. “ಅದು?” ಎಂದೆ. “ಆಫ್ ಮಾಡಿದೀನಿ.” ತೋರಿಸಿದಳು.

ಹೇಳಿಬಿಟ್ಟೆ. ನನ್ನ ಅಂಗಡಿಯ ಪಕ್ಕದ ಛತ್ರಿ ಅಂಗಡಿಯವನ ವಿಷಯ. ಹದಿನೈದು ವರ್ಷ ಒಂದೇ ಗೋಡೆ ಹಂಚಿಕೊಂಡವನು. ಸಾಲ ತೆಗೆಯುವಾಗ “ಬರೀ ಸಾಕ್ಷಿಗೆ ಅಣ್ಣ, ನಿಮ್ಮ ಸಹಿ ಇದ್ದರೆ ಒಂದು ಗೌರವ” ಎಂದ. ಗೌರವ ಎಂದನಲ್ಲ, ಓದಲಿಲ್ಲ. ಬಾಲ ಎಳೆದು ಹಾಕಿದೆ. ಅದು ಜಾಮೀನಿನ ಜಾಗ. ಕಳೆದ ವರ್ಷ ಅವನು ರಾತ್ರೋರಾತ್ರಿ ಪೇರಿ ಕಿತ್ತ. ಸಾಲ ಕೊಟ್ಟವರು ನನ್ನ ಕತ್ತು ಹಿಡಿದರು. ಕಟ್ಟಿದೆ. ಅಕ್ಕನ ಹಣದಿಂದ.

“ಎಷ್ಟು ಮಾವ?”

“ನಲವತ್ತು ಸಾವಿರ.”

ಅವಳ ಕಣ್ಣಲ್ಲಿ ನೀರು. “ಅಮ್ಮನಿಗೆ ಹೇಳಬೇಡ ಕಣೇ” ಎಂದೆ. ಇಷ್ಟು ಸಣ್ಣ ದನಿಯಲ್ಲಿ ನಾನು ಯಾರ ಹತ್ತಿರವೂ ಮಾತಾಡಿದ್ದಿಲ್ಲ. “ಹೇಳಲ್ಲ ಮಾವ. ಖಂಡಿತ ಹೇಳಲ್ಲ.”

ಎದೆ ಹಗುರವಾಯಿತು. ಪೂರ್ತಿ ಅಲ್ಲ.

ಏಪ್ರಿಲ್ 20, ಶನಿವಾರ

ಹದಿನಾರನೇ ಶನಿವಾರ. ನಲವತ್ತೇಳು! ಐವತ್ತಕ್ಕೆ ನಲವತ್ತೇಳು. ಮೂರು ಬೇಕೆಂದೇ ಬಿಟ್ಟೆ, ಅನುಮಾನ ಬರಬಾರದಲ್ಲ. (ಎರಡು ಬೇಕೆಂದೇ. ಒಂದು ನಿಜವಾಗಿಯೂ ಗೊತ್ತಿರಲಿಲ್ಲ.)

ಎಲ್ಲರೂ ಸೇರಿ ಒಂದು ಗುರುತಿನ ಚೀಟಿ ಮಾಡಿಸಿಕೊಟ್ಟರು. ಫೋಟೋ, ದಾರ, ಎಲ್ಲ ಇದೆ. ಹುದ್ದೆಯ ಜಾಗದಲ್ಲಿ “ಎಲ್ಲರ ಮಾವ”. ಬಸ್ಸಿನಲ್ಲಿ ಬರುವಾಗ ಅಂಗಿಯ ಹೊರಗೇ ಹಾಕಿಕೊಂಡಿದ್ದೆ.

ಮುಂದಿನ ಶನಿವಾರ ಇವಳು ಪ್ರಬಂಧ ಓದುವುದು, ಸಭೆಯ ಮುಂದೆ. ಅಕ್ಕನಿಗೆ ಬರಬೇಡ ಎಂದಿದ್ದಾಳಂತೆ. “ಮೂರು ಮಹಡಿ ಹತ್ತಬೇಕು ಅಮ್ಮ, ಕೇಳೋಕೂ ಬೋರು.” ಏನು ಬೋರು? ನನ್ನ ನಲವತ್ತೇಳನ್ನು ಸಭೆಯಲ್ಲಿ ಓದುವಾಗ ಅಕ್ಕ ಇಲ್ಲದಿದ್ದರೆ ಹೇಗೆ? ನಾನೇ ಕರೆದುಕೊಂಡು ಹೋಗುತ್ತೇನೆ. ಹೇಳದೆ.

ಏಪ್ರಿಲ್ 27, ಶನಿವಾರ

ಮೂರು ಮಹಡಿ. ಮಹಡಿಗೊಂದು ಕಡೆ ಅಕ್ಕನನ್ನು ಕೂರಿಸಿ ಹತ್ತಿಸಿದೆ. ನರ್ಸಮ್ಮ ಮುಂದಿನ ಸಾಲಿನ ಕುರ್ಚಿ ಬಿಟ್ಟುಕೊಟ್ಟಳು. ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದಳು.

ಮಗಳು ವೇದಿಕೆ ಹತ್ತಿದಳು. ಅಮ್ಮನನ್ನು ಕಂಡಳು. ನಿಂತಳು. ಒಂದು ಗುಟುಕು ನೀರು ಕುಡಿದಳು. ನಾನು ಗುರುತಿನ ಚೀಟಿ ಎತ್ತಿ ತೋರಿಸಿದೆ, ಮೂರ್ಖ.

ಓದಿದಳು. ಒಂದನೇ ಕಲಿಕಾರ್ಥಿ. ಎರಡನೇ ಕಲಿಕಾರ್ಥಿ. ಆಮೇಲೆ—ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಮರೆತಿಲ್ಲ—“ಮೂರನೇ ಕಲಿಕಾರ್ಥಿ. ಪುರುಷ, ಅರವತ್ತೆರಡು ವರ್ಷ, ಗಡಿಯಾರ ದುರಸ್ತಿಗಾರ. ಅತಿಯಾದ ಜಂಬದ ಮಾತು. ಈ ಜಂಬವು ದಾಖಲೆಗಳನ್ನು ಓದಲಾಗದ ನಾಚಿಕೆಯನ್ನು ಮುಚ್ಚುವ ಪರದೆ ಎಂದು ಸಂಶೋಧಕಿ ಗುರುತಿಸಿದ್ದಾಳೆ.” ಆಮೇಲೆ ಛತ್ರಿ ಅಂಗಡಿ. ಆಮೇಲೆ ಸಾಕ್ಷಿ, ಜಾಮೀನು. ಆಮೇಲೆ “ತನ್ನನ್ನು ನಂಬಿ ಸೋದರಿ ಇಟ್ಟ ಹಣದಿಂದ ನಲವತ್ತು ಸಾವಿರ.”

ಅಲ್ಲಿ ದನಿ ಸ್ವಲ್ಪ ಒಡೆಯಿತು. ಆದರೆ ಓದಿದಳು. ಕೊನೆಗೆ ಒಂಬತ್ತರಿಂದ ನಲವತ್ತೇಳು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಡ್ರೈವರ್ ಮಾತ್ರ ತಟ್ಟಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಅಕ್ಕ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಳು. ಡಬ್ಬಿಯ ಸದ್ದು ಈಗಲೂ ಕೇಳುತ್ತಿದೆ.

ಏಪ್ರಿಲ್ 28

ಅಕ್ಕ ಮಾತಾಡಿಲ್ಲ. ಊಟಕ್ಕೆ ತಟ್ಟೆ ಇಟ್ಟಳು, ಅಷ್ಟೇ.

ಏಪ್ರಿಲ್ 30, ಮಂಗಳವಾರ. ಮಧ್ಯಾಹ್ನ

ಅಕ್ಕನ ಮಗಳು ಅಂಗಡಿಗೆ ಬಂದಿದ್ದಳು. ಕೌಂಟರಿನ ಆಚೆಯೇ ನಿಲ್ಲಿಸಿದೆ, ಗಿರಾಕಿಯ ಹಾಗೆ.

“ಹೆಸರು ಹಾಕಿಲ್ಲ ಮಾವ.”

“ಊರಲ್ಲಿ ಗಡಿಯಾರ ರಿಪೇರಿಯವರು ನಾಲ್ಕು ಜನ ಇರಬಹುದು. ಅವರಲ್ಲಿ ಎಷ್ಟು ಜನ ನಿಮ್ಮಮ್ಮನ ತಮ್ಮ?”

“ಅಮ್ಮ ಬರ್ತಾಳೆ ಅಂತ ನನಗೇನು ಗೊತ್ತು? ಬರಬೇಡ ಅಂದಿದ್ದೆ. ಕರ್ಕೊಂಡು ಬಂದಿದ್ದು ನೀವು.”

“ಹೇಳಲ್ಲ ಅಂದಿದ್ದೆಯಲ್ಲ.”

ಚೀಲದಿಂದ ಒಪ್ಪಿಗೆ ಪತ್ರ ತೆಗೆದಳು. ಮೂರನೇ ಪುಟ. ವಾಚು ನೋಡುವ ಲೆನ್ಸು ಕಣ್ಣಿಗೆ ಹಾಕಿಕೊಂಡು ಓದಿದೆ. ತರಗತಿಯ ಒಳಗಾಗಲಿ ಹೊರಗಾಗಲಿ ಕಲಿಕಾರ್ಥಿ ಹೇಳಿದ ಅನುಭವಗಳನ್ನು ಹೆಸರಿಲ್ಲದೆ ಬಳಸಿಕೊಳ್ಳಬಹುದು. ಹದಿನೈದು ದಿನ ಮೊದಲು ತಿಳಿಸಿದರೆ ತೆಗೆಸಲೂಬಹುದು. ಕೆಳಗೆ ನನ್ನ ಸಹಿ. ಬಾಲ, ಎರಡು ಚುಕ್ಕೆ.

“ಪೂರ್ತಿ ಓದಿ ಅಂದಿದ್ದೆ ಮಾವ.” ಅಳುತ್ತಿದ್ದಳು.

ಛತ್ರಿಯವನು ಹೊರಗಿನವನು. ಅವನು ಓದು ಅನ್ನಲಿಲ್ಲ. ಇವಳು ಓದು ಅಂದಳು. ಅಂದವಳ ಕೈಯಲ್ಲೇ ಮತ್ತೆ ಅದೇ ಆಯಿತು. ಆದರೂ... ಅಮ್ಮ ಮುಂದೆ ಕೂತದ್ದು ಕಂಡಿತ್ತು. ನೀರು ಕುಡಿಯುವಷ್ಟು ಹೊತ್ತಿತ್ತು. ಒಂದು ಪುಟ, ಒಂದೇ ಒಂದು ಪುಟ ಓದದೆ ಮಗುಚಿಬಿಡಬಹುದಿತ್ತು. ಅದನ್ನೇ ಕೇಳಿದೆ.

“ಅದೇ ಮುಖ್ಯ ಅಧ್ಯಾಯ ಮಾವ” ಅಂದಳು.

“ಹೋಗು, ಗಿರಾಕಿ ಬಂದ್ರು” ಅಂದೆ. ಯಾರೂ ಬಂದಿರಲಿಲ್ಲ.

ಮೇ 2, ಗುರುವಾರ

ಮೇಡಂ ಕೋಣೆಗೆ ಹೋದೆ. ನಿರ್ಧಾರ ಮಾಡಿಕೊಂಡೇ ಹೋದದ್ದು. ಒಂಬತ್ತು ಸುಳ್ಳು ಎಂದು ಒಂದು ಮಾತು ಹೇಳಿದರೆ ಸಾಕು, ಪ್ರಬಂಧ ಅಲ್ಲೇ ಕುಸಿಯುತ್ತದೆ. ಪರದೆಯಂತೆ, ಪರದೆ! ನನ್ನದನ್ನು ಸಭೆಯಲ್ಲಿ ಎಳೆದವಳದ್ದೂ ಒಮ್ಮೆ ಸರಿಯಲಿ.

“ಬನ್ನಿ ಮಾವ. ಏನು ಬಂದ್ರಿ?”

ಮೇಜಿನ ಮೇಲೆ ಇವಳ ಪ್ರಬಂಧ. ಕಪ್ಪು ರಟ್ಟು, ಬಂಗಾರದ ಅಕ್ಷರ. ತೊಟ್ಟಿಲಲ್ಲಿ ನನ್ನ ಬೆರಳು ಹಿಡಿದು ನಿದ್ದೆ ಹೋಗುತ್ತಿದ್ದವಳ ಹೆಸರು ಅದರ ಮೇಲೆ.

“ಕ್ಲಾಸಿನ ಗಡಿಯಾರ ಹತ್ತು ನಿಮಿಷ ಮುಂದಿದೆ ಮೇಡಂ. ಸರಿ ಮಾಡೋಣ ಅಂತ.”

ಮಾಡಿ ಬಂದೆ. ಖಾಲಿ ಕ್ಲಾಸು. ಗುರುತಿನ ಚೀಟಿಯನ್ನು ಅದರ ಮೊಳೆಗೇ ನೇತುಹಾಕಿದೆ.

ಮೇ 5, ಭಾನುವಾರ

ಅಕ್ಕ ಮಾತಾಡಿದಳು! ಬೆಳಿಗ್ಗೆ ಟೀ ಲೋಟ ಮುಂದಿಟ್ಟು, ತಾನೇ.

“ನಲವತ್ತು ಸಾವಿರಕ್ಕೆ ಒಂದು ವರ್ಷ ಮುಖ ಸಣ್ಣ ಮಾಡ್ಕೊಂಡು ಓಡಾಡಿದ್ಯೇನೋ? ನನ್ನ ಕೇಳಿದ್ರೆ ಕೊಡ್ತಿರಲಿಲ್ವಾ? ಅವಳ ಬಾಯಲ್ಲಿ, ಅಷ್ಟು ಜನದ ಮುಂದೆ ಕೇಳಬೇಕಾಯ್ತಲ್ಲ, ಅದಕ್ಕೆ ಸಿಟ್ಟು. ಹೋಗ್ಲಿ ಬಿಡು. ಮಿಕ್ಕಿದ್ದು ಇದೆಯಲ್ಲ. ಡಾಕ್ಟ್ರು ಇಪ್ಪತ್ತನೇ ತಾರೀಖು ಕೊಟ್ಟಿದ್ದಾರೆ. ನಾಳೆ ಬ್ಯಾಂಕಿಗೆ ನಾನೂ ಬರ್ತೀನಿ. ಸಾಕು, ಎಷ್ಟು ದಿನ ಅಂತ ನಿನ್ನೊಬ್ಬನ ತಲೆ ಮೇಲೆ ಹಾಕೋದು.”

“ಹೂಂ” ಅಂದೆ.

ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿದಳು.

ಮೇ 6, ಸೋಮವಾರ. ಬೆಳಿಗ್ಗೆ 8:40

ಅಕ್ಕ ಸಿದ್ಧವಾಗಿ ಕೂತಿದ್ದಾಳೆ. ಬ್ಯಾಂಕು ತೆಗೆಯುವುದು ಹತ್ತಕ್ಕೆ. ಕನ್ನಡಕದ ಡಬ್ಬಿ ಈಗಷ್ಟೇ ತೆರೆದ ಸದ್ದು.

ಮೆಟ್ಟಿಲ ಮೇಲೆ ಅವಳ ಮಗಳು “ಎಷ್ಟು ಮಾವ?” ಎಂದಾಗ ಬಾಯಿಗೆ ಬಂದದ್ದು ಹೇಳಿದೆ. ಎಲ್ಲರ ಮಾವ ಎಂದು ಕರೆಸಿಕೊಂಡವನು ಅಷ್ಟನ್ನು ಹೇಳುವುದು ಹೇಗೆ? ಈಗ ಅದು ಕಪ್ಪು ರಟ್ಟಿನ ಒಳಗೆ ಅಚ್ಚಾಗಿದೆ. ಓದಿದವರೆಲ್ಲ ನಂಬುತ್ತಾರೆ. ಅಕ್ಕ ನಂಬಿದ್ದಾಳೆ. ನನ್ನ ಮಾತನ್ನಲ್ಲ, ಮಗಳ ಪುಸ್ತಕವನ್ನು.

“ಆಯ್ತೇನೋ?” ಎನ್ನುತ್ತಿದ್ದಾಳೆ. “ಬಂದೆ” ಅಂದೆ.

ಇಲ್ಲಾದರೂ ಸರಿಯಾಗಿ ಬರೆಯುತ್ತೇನೆ. ನಲವತ್ತಲ್ಲ. ಮೂರು ಲಕ್ಷದ ಎಂಬತ್ತಾರು ಸಾವಿರ. ಅಕ್ಕನದು ಇದ್ದದ್ದೇ ಅಷ್ಟು, ಮಿಕ್ಕಿದ್ದು ಅಂತ—