ಹನ್ನೊಂದನೆಯ ಹಾಳೆ

ಫೆಬ್ರವರಿ 4, ಬೆಳಿಗ್ಗೆ

ಎದ್ದವನೇ ಬಲಗೈ ಕೊಡವಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು — ಒಳಗೆ ಇರುವೆ ಸಾಲು. ಕಿರುಬೆರಳಿಗೆ ಏನೂ ಇಲ್ಲ, ಹಾಯಾಗಿದೆ. ಷರಟಿನ ಗುಂಡಿ ಇವಳೇ ಹಾಕಿದಳು. "ಮದುವೆ ಆದ ಹೊಸದರಲ್ಲೂ ಇಷ್ಟು ಸೇವೆ ಮಾಡಿಸ್ಕೊಂಡಿರ್ಲಿಲ್ಲ ನೀವು."

ಬಸ್ಸಿನಲ್ಲಿ ಕಂಬಿ ಹಿಡಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ತಂತಿ ಎಳೆದ ಹಾಗೆ.

ಬ್ರೈಲ್ ಪ್ರೆಸ್ಸಿನಲ್ಲಿ ಇಪ್ಪತ್ತಮೂರು ವರ್ಷದಿಂದ ಒಂದೇ ಕೆಲಸ. ನಾನು ಚುಕ್ಕೆ ಮುಟ್ಟಿ ಗಟ್ಟಿಯಾಗಿ ಓದುವುದು, ಎದುರಿಗೆ ಟೀಚರಮ್ಮ ಮೂಲಪ್ರತಿ ನೋಡುತ್ತ ಸರಿ-ತಪ್ಪು ಹೇಳುವುದು. ಕಣ್ಣಿಲ್ಲದವನು ಓದಬೇಕು, ಕಣ್ಣಿದ್ದವರು ಕೇಳಬೇಕು. ಅದೇ ನಿಯಮ. ಇಂದು ಒಂದೇ ಪುಟದಲ್ಲಿ ಮೂರು ಸಲ ತಡವರಿಸಿದೆ.

"ಏನಪ್ಪಾ, ಒಂದನೇ ಕ್ಲಾಸಿಗೆ ವಾಪಸ್ ಕಳಿಸ್ಲಾ?" — ಟೀಚರಮ್ಮ. ಶಾಲೆಯಿಂದ ರಿಟೈರಾಗಿ ಹತ್ತು ವರ್ಷವಾದರೂ ಬಾಯಲ್ಲಿ ಬೆತ್ತ ಇದೆ.

ಫೆಬ್ರವರಿ 11

ಡಾಕ್ಟರು ಮಣಿಕಟ್ಟನ್ನು ತಟ್ಟಿದರು. ಬೆರಳ ತುದಿವರೆಗೆ ಕರೆಂಟು ಹೊಡೆಯಿತು. ನರ ಒತ್ತಿಕೊಂಡಿದೆಯಂತೆ. ಪಟ್ಟಿ ಕೊಟ್ಟರು, ರಾತ್ರಿ ಕಟ್ಟಿಕೊಳ್ಳಬೇಕು, ಹಗಲೂ ಕಟ್ಟಿದರೆ ಒಳ್ಳೆಯದು. ಆರು ವಾರ ಕೈಗೆ ಬಿಡುವು. ಅದಕ್ಕೂ ಬಗ್ಗದಿದ್ದರೆ ಆಪರೇಷನ್.

"ಏನು ಕೆಲಸ ಮಾಡ್ತೀರಿ?"

"ಓದೋ ಕೆಲಸ."

"ಅದಕ್ಕೆ ಕೈ ಯಾಕೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಪೆನ್ನಿನ ಮುಚ್ಚಳ ಹಾಕಿದ ಸದ್ದು.

ರಜೆ ಕೇಳಲಿಲ್ಲ. ಕುರ್ಚಿ ಆರು ವಾರ ಖಾಲಿ ಇದ್ದರೆ, ಕುರ್ಚಿಯೇ ಬೇಕಾಗಿಲ್ಲವೆಂದು ಮ್ಯಾನೇಜರಿಗೆ ಹೊಳೆದುಬಿಡುತ್ತದೆ. ಕಂಪ್ಯೂಟರ್ ಬಂದ ಮೇಲೆ ನನ್ನ ಕೋಣೆ ದಾಟುವಾಗ ಅವರು ಕೆಮ್ಮುತ್ತಾರೆ. ಪಟ್ಟಿ ಮನೆಯಲ್ಲೇ ಇರಲಿ.

ಫೆಬ್ರವರಿ 19

ಇಂದು ನಾನೇ ಹೇಳಿದೆ. "ಟೀಚರಮ್ಮ, ಗಂಟಲು ಕಟ್ಟಿದೆ. ನೀವು ಓದಿ, ನಾನು ಬೆರಳಾಡಿಸ್ತಾ ಹೋಗ್ತೀನಿ. ತಪ್ಪಿದ್ರೆ ತಡೀತೀನಿ."

ನಂಬಿದರು. ಅವರ ದನಿ ಅವರಿಗೆ ಇಷ್ಟ. ಸಾಲು ಮುಗಿದಾಗಲೆಲ್ಲ "ಹೂಂ" ಎಂದೆ. ಸಂಜೆಯೊಳಗೆ ನಲವತ್ತು ಹಾಳೆ. "ಇಷ್ಟು ವರ್ಷ ಯಾಕೆ ಹೀಗೆ ಮಾಡ್ಲಿಲ್ಲ ನಾವು?" ಎಂದರು.

ಫೆಬ್ರವರಿ 26

ಗಣಿತದ ಪ್ರಶ್ನೆಪತ್ರಿಕೆ. ಬಾಗಿಲು ಹಾಕಿಕೊಂಡು ಓದಿದ್ದು. ಗಂಟಲಿನ ನೆಪ ಈಗ ಬೇಕಾಗಿಲ್ಲ, ಅದೇ ಪದ್ಧತಿಯಾಗಿದೆ. ಒಂದು ಕಡೆ ಗಮನಿಸಿದೆ — ನನ್ನ ಹೂಂ ಬೆರಳಿಗಿಂತ ಒಂದು ಸಾಲು ಮುಂದೆ ಇತ್ತು. ಕಿವಿ ಓದಿ ಬೆರಳಿಗೆ ಹೇಳುತ್ತಿತ್ತು. ನಿಲ್ಲಿಸಬಹುದಿತ್ತು. ನಾಲ್ಕು ಗಂಟೆಗೆ ಪರೀಕ್ಷಾ ಬೋರ್ಡಿನ ಗಾಡಿ ಬರುವುದಿತ್ತು.

ರುಜು ಹಾಕಿದೆ.

ಮೇ 6

ಎರಡು ತಿಂಗಳಿಂದ ಬರೆದಿಲ್ಲ. ಚುಕ್ಕೆ ಚುಚ್ಚಿ ಬರೆಯಬಲ್ಲೆ, ಆದರೆ ಬರೆದದ್ದನ್ನು ಮುಟ್ಟಿದರೆ ಬರೀ ಕಾಗದ.

ಇಂದು ಮ್ಯಾನೇಜರು ಕರೆಸಿದರು. ಒಬ್ಬ ಹುಡುಗಿ, ಜೊತೆಗೆ ಅವಳ ಚಿಕ್ಕಮ್ಮ. ಹುಡುಗಿಗೂ ಕಣ್ಣಿಲ್ಲ. ಗಣಿತದಲ್ಲಿ ಆರು ಅಂಕಕ್ಕೆ ಫೇಲು.

"ಹನ್ನೊಂದನೇ ಹಾಳೆ ಬೋಳಾಗಿತ್ತು ಸರ್. ಹದಿನೈದು ಮಾರ್ಕಿನ ಪ್ರಶ್ನೆ ಅದರಲ್ಲೇ ಇತ್ತಂತೆ." ಹುಡುಗಿಯ ದನಿ.

"ಪರೀಕ್ಷೆ ಹಾಲಲ್ಲಿದ್ದ ಮೇಡಂಗೆ ಹೇಳಿದ್ಲಂತೆ," ಎಂದಳು ಚಿಕ್ಕಮ್ಮ. "ಅವರು ಬಗ್ಗಿ ನೋಡಿ, ಚುಕ್ಕೆ ಕಾಣ್ತಾ ಇದೆಯಲ್ಲಮ್ಮ, ಸುಮ್ನೆ ಬರಿ ಅಂದ್ರಂತೆ. ಕಾಣೋದು ಯಾರಿಗೆ ಬೇಕಾಗಿತ್ತು?"

ಮರುಪರೀಕ್ಷೆ ಸಿಗಬೇಕಾದರೆ ಹಾಳೆ ಕೆಟ್ಟಿತ್ತೆಂದು ಪ್ರೆಸ್ಸು ಬರೆದುಕೊಡಬೇಕು. ಹದಿನೈದನೇ ತಾರೀಖಿನೊಳಗೆ.

ಮ್ಯಾನೇಜರು ಬೆನ್ನು ತಟ್ಟಿದರು — ನನ್ನ ಬೆನ್ನು. "ಇವರು ಮುಟ್ಟದೆ ಒಂದು ಹಾಳೆ ಹೊರಗೆ ಹೋಗಲ್ಲಮ್ಮ. ಇಪ್ಪತ್ತಮೂರು ವರ್ಷದ ಬೆರಳು."

ಹುಡುಗಿ ನನ್ನ ಕೈ ಹುಡುಕಿ ತಾನು ತಂದಿದ್ದ ಹಾಳೆಯ ಮೇಲಿಟ್ಟಳು. ಅವಳ ಕೈ ತಣ್ಣಗಿದ್ದದ್ದು ತಿಳಿದದ್ದು ನನ್ನ ಕಿರುಬೆರಳಿಗೆ ಮಾತ್ರ. "ನೀವೇ ನೋಡಿ ಅಂಕಲ್. ನೀವು ಹೇಳಿದ್ರೆ ಮುಗೀತು."

ಹನ್ನೊಂದು ನುಣ್ಣಗಿತ್ತು. ಹತ್ತನ್ನು ಮುಟ್ಟಿದೆ, ನುಣ್ಣಗೆ. ಹನ್ನೆರಡೂ ನುಣ್ಣಗೆ.

"ಸ್ವಲ್ಪ ಹಗುರವಾಗಿ ಬಿದ್ದಿದೆ," ಎಂದೆ. "ಓದಬಹುದು."

ಬಾಗಿಲ ಹತ್ತಿರ ಹುಡುಗಿ ಮೆಲ್ಲಗೆ ಕೇಳಿದಳು — "ನನ್ನ ಬೆರಳೇ ದಡ್ಡೇನೋ, ಅಲ್ವಾ ಚಿಕ್ಕಮ್ಮ?"

ಮೇ 7

ಊಟ ಸೇರಲಿಲ್ಲ. ಇವಳು ಕೈನೋವು ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ.

ಮೇ 9

ಬೀರುವಿನಲ್ಲಿದ್ದ ಪ್ರೆಸ್ಸಿನ ಪ್ರತಿ ತೆಗೆದೆ. ಎಡಗೈಯಲ್ಲಿ ಓದಿದೆ. ಎಡಗೈಗೆ ಸಾಲು ಹಿಡಿದುಕೊಂಡಿರುವುದಷ್ಟೇ ಅಭ್ಯಾಸ, ಓದುವುದೆಂದರೆ ಅಕ್ಷರಕ್ಕೊಂದು ಉಸಿರು. ಹತ್ತು — ನಿಧಾನ, ಆದರೆ ಸಿಕ್ಕಿತು. ಹನ್ನೆರಡು — ಸಿಕ್ಕಿತು. ಹನ್ನೊಂದರಲ್ಲಿ ಮೊದಲ ಎರಡು ಸಾಲು, ಆಮೇಲೆ ಕೊನೆಯವರೆಗೂ ಏನಿಲ್ಲ. ಯಂತ್ರದ ಒತ್ತು ಸಾಲದೆ ಚುಕ್ಕೆ ಮೇಲೆದ್ದಿಲ್ಲ.

ಮುಟ್ಟಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು.

ಮೇ 12

ಟೀಚರಮ್ಮನಿಗೆ ಹೇಳಿದೆ. ಕನ್ನಡಕದ ಕಡ್ಡಿ ಮಡಚಿ ಬಿಡಿಸುವ ಟಿಕ್ ಟಿಕ್.

"ಹಾಗಾದ್ರೆ ನಾನು ಇಷ್ಟು ದಿನ ಓದಿದ್ದು ಯಾರಿಗೋ?"

ಹನ್ನೊಂದನೇ ಹಾಳೆಯನ್ನು ಅವರ ಮುಂದೆ ಸರಿಸಿದೆ.

"ಫೆಬ್ರವರಿಯಿಂದ ನಾಲ್ಕು ಪುಸ್ತಕ ಹೋಗಿವೆ."

"ಹೂಂ."

"ಇನ್ನೊಂದು ಸಲ ಹೂಂ ಅಂದ್ರೆ ಕಪಾಳಕ್ಕೆ ಕೊಡ್ತೀನಿ ನೋಡು." ಆಮೇಲೆ ಮೂಗು ಸೀಟಿದರು. "ನಾನೂ ಸುಖ ಕಂಡೆ. ನಿಯಮ ಮುರಿದಾಗ ಕೇಳ್ಬೇಕಿತ್ತು, ಕೇಳ್ಲಿಲ್ಲ. ಹೇಳು, ಬರ್ಕೊಳ್ತೀನಿ. ಒಳ್ಳೆ ಮಾತು ಸೇರಿಸ್ಬೇಡ."

ಐದೇ ಸಾಲಾಯಿತು. ಹಾಳೆ ಕೆಟ್ಟಿತ್ತು. ಓದದೆ ರುಜು ಹಾಕಿದೆ. ಆರನೇ ತಾರೀಖು ಹೇಳಿದ್ದು ಸುಳ್ಳು. ಕೆಳಗೆ ಅವರೂ ರುಜು ಹಾಕಿದರು — ಬೇಡವೆಂದರೂ.

ಮೇ 13

ಪಟ್ಟಿ ಕಟ್ಟಿಕೊಂಡೇ ಮ್ಯಾನೇಜರ ಎದುರು ನಿಂತೆ. ಕಾಗದ ಎರಡು ಸಲ ಓದಿದರು. ಕೆಮ್ಮಲಿಲ್ಲ.

"ಬೈಯೋಕೂ ನನ್ನ ಹತ್ರ ಮಾತಿಲ್ಲ ಮಾರಾಯ್ರೆ. ಬೋರ್ಡಿಗೆ ಏನಂತ ಮುಖ ತೋರಿಸ್ಲಿ?"

ಆದರೂ ಡ್ರಾಯರ್ ಎಳೆದು ಮೊಹರು ಒತ್ತಿದರು. ನಾಲ್ಕೂ ಪುಸ್ತಕ ವಾಪಸ್ ತರಿಸುವುದು. ನನಗೆ ನಾಳೆಯಿಂದ ರಜೆ. "ಆಪರೇಷನ್ ಮಾಡಿಸ್ಕೊಳ್ಳಿ. ಆಮೇಲೆ ನೋಡೋಣ." ಆ 'ನೋಡೋಣ' ಎಷ್ಟು ಉದ್ದವೋ. ಹೊರಗೆ ಬಂದ ಮೇಲೆ ಮೊದಲು ಅನಿಸಿದ್ದು ಕುರ್ಚಿಯ ಚಿಂತೆಯೇ, ಹುಡುಗಿಯದಲ್ಲ. ಅದನ್ನೂ ಬರೆದಿಡಬೇಕು.

ಮೇ 14, ಮಧ್ಯಾಹ್ನ

ಕಾಗದ ಹಿಡಿದು ಹುಡುಗಿಯ ಮನೆಗೆ. ಮೂರನೇ ಮಹಡಿ. ಚಿಕ್ಕಮ್ಮ ನಿಂತಲ್ಲೇ ಓದಿಕೊಂಡಳು. ಕೂರಿ ಎನ್ನಲಿಲ್ಲ. "ಬೋರ್ಡಿನ ಆಫೀಸು ಐದಕ್ಕೆ ಮುಚ್ಚುತ್ತೆ," ಎಂದು ಚಪ್ಪಲಿ ಮೆಟ್ಟಿಕೊಂಡು ದಡದಡ ಇಳಿದು ಹೋದಳು.

ಹುಡುಗಿ, ನಾನು. ಎಲ್ಲ ಹೇಳಿದೆ, ಕೈಯಿಂದ ಶುರುಮಾಡಿ. ಅವಳು ಪಟ್ಟಿಯನ್ನು ತಡವಿದಳು. ಬೆರಳು ಒಂದೊಂದಾಗಿ ಒತ್ತಿದಳು.

"ಇದು ಗೊತ್ತಾಗುತ್ತಾ?"

"ಇಲ್ಲ."

"ಇದು?"

"ಇಲ್ಲ."

"ಹಾಗಾದ್ರೆ ಅವತ್ತು ಓದಬಹುದು ಅಂದ್ರಲ್ಲ ಅಂಕಲ್... ಯಾವ ಬೆರಳಲ್ಲಿ ಓದಿದ್ರಿ?"

"ಯಾವುದರಲ್ಲೂ ಓದ್ಲಿಲ್ಲಮ್ಮ," ಎಂದೆ. "ದಡ್ಡಾಗಿದ್ದದ್ದು ನನ್ನ ಬೆರಳು, ನಿನ್ನದಲ್ಲ."