ಅತ್ತೆಮ್ಮನಿಗೆ ಹುಯ್ದ ಚಾಕಲೇಟ್ ದೋಸೆ

ನನ್ನ ಅತ್ತೆಮ್ಮ,

ನೀವಿದ್ದಾಗ ನಿಮ್ಮೆದುರು ಕೂತು ನಾಲ್ಕು ಮಾತಾಡಲು ನನಗೆ ಪುರುಸೊತ್ತಿರಲಿಲ್ಲ. ಈಗ ಕಾಗದ ಬರೆಯುತ್ತಿದ್ದೇನೆ. ನಗಬೇಡಿ. ಇದನ್ನು ಎಲ್ಲಿಗೆ ಕಳಿಸಬೇಕೆಂದು ನನಗೂ ಗೊತ್ತಿಲ್ಲ.

ತುಮಕೂರಿನ ಡಾಕ್ಟರ ಹತ್ತಿರ ಹೋಗಿ ಬಂದ ದಿನ ನೆನಪಿದೆಯಾ? ಆಪರೇಷನ್ ಆಗಿ ಎರಡು ತಿಂಗಳಾದರೂ ಹೊಟ್ಟೆಯ ಗಾಯ ಮಾಯ್ದಿರಲಿಲ್ಲ. ನೀವು ದಿನದಿನಕ್ಕೆ ಇಳಿದುಹೋಗುತ್ತಿದ್ದಿರಿ. ಮೈಗೆ ಪ್ರೋಟೀನ್ ಸಾಲುತ್ತಿಲ್ಲ, ದಿನಕ್ಕೆರಡು ಮೊಟ್ಟೆ ಕೊಡಿ ಅಂದರು ಡಾಕ್ಟರು. ಅಲ್ಲಿ ತುಟಿ ಬಿಚ್ಚದವರು ಶಿರಾ ಬಸ್ಸು ಹತ್ತಿದ ಮೇಲೆ ಶುರು ಮಾಡಿದಿರಿ. "ಕೊರಳಾಗೆ ಲಿಂಗ ಇಟ್ಕಂಡು ಮೊಟ್ಟೆ ತಿನ್ಲೇನೇ? ಸತ್ರೆ ಸಾಯ್ತೀನಿ, ಬುಡು." ಇಡೀ ಬಸ್ಸು ತಿರುಗಿ ನೋಡಿತು.

ಮಾರನೆಯ ದಿನ ನಿಮ್ಮ ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಹೈ ಪ್ರೋಟೀನ್ ಚಾಕಲೇಟ್ ಪ್ಯಾನ್‌ಕೇಕ್, ಬೆಳಗಿನ ತಿಂಡಿಗೆ. ಅದರಲ್ಲಿದ್ದ ಹುಡುಗಿ ನಗುನಗುತ್ತಾ ಮೊಟ್ಟೆ ಒಡೆಯುತ್ತಿದ್ದಳು. "ಕೋಕೋ ಪುಡಿ ಹಾಕುದ್ರೆ ವಾಸ್ನೆ ಗೊತ್ತಾಗಲ್ಲ ಕಣೇ. ಅವ್ವಂಗೆ ಹೇಳ್ಬ್ಯಾಡ," ಅಂದರು. ಅವರದೂ ತಪ್ಪಲ್ಲ, ಕಣ್ಣಲ್ಲಿ ನೀರಿತ್ತು.

ಮೊದಲ ದಿನ ಕಡಲೆಕಾಯಿ ಬೀಜದ ಪುಡಿ, ಹುರಿಗಡಲೆ ಹಿಟ್ಟು, ರಾಗಿ ಹಿಟ್ಟು, ಹಾಲಿನ ಪುಡಿ, ಬಾಳೆಹಣ್ಣು, ಬೆಲ್ಲ ಎಲ್ಲ ಕಲಸಿ, ಕೋಕೋ ಹಾಕಿ, ಕಾವಲಿಯ ಮೇಲೆ ಸಣ್ಣಸಣ್ಣದಾಗಿ ಹುಯ್ದೆ. "ದ್ವಾಸೆಗೂ ಚಾಕ್ಲೇಟ್ ಬಂತೇನೇ? ಇನ್ನೂ ಏನೇನ್ ನೋಡ್ಬೇಕೋ!" ಅನ್ನುತ್ತಲೇ ಎರಡು ಮುಗಿಸಿದಿರಿ. ಮೊಮ್ಮಗಳ ಚಾಕಲೇಟನ್ನು ಎಲೆಅಡಿಕೆ ಚೀಲದಲ್ಲಿ ಬಚ್ಚಿಡುತ್ತಿದ್ದವರಲ್ಲವೇ ನೀವು?

ಆ ಎರಡು ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿದ್ದೆ, ನಿಜ. ಹಿಟ್ಟಿಗೆ ಸುರಿಯಲು ಕೈ ಬರಲಿಲ್ಲ. ಪಾವಗಡದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಅರ್ಧ ತೆಲುಗು ಮಾತಿಗೆ ಎಲ್ಲರೂ ನಗುತ್ತಿದ್ದರು. ನೀವೊಬ್ಬರೇ ಅಡುಗೆಮನೆಗೆ ಬಂದು, "ನೀನು ಏನಿಕ್ಕಿದ್ರೂ ಕೇಳ್ದೆ ಉಣ್ತೀನಿ ಕಣಮ್ಮ," ಅಂದಿರಿ. ಕೇಳದೆ ಉಣ್ಣುವವರಿಗೆ ಮೋಸ ಮಾಡುವುದು ಹೇಗೆ? ಮೊಟ್ಟೆಯನ್ನು ಹಿತ್ತಲಿಗೆ ಬರುವ ನಾಯಿಗೆ ಸುರಿದೆ. ಚಿಪ್ಪನ್ನು ಮಾತ್ರ ನಿಮ್ಮ ಮಗನ ಕಣ್ಣಿಗೆ ಬೀಳಲೆಂದು ಕಸದ ಬುಟ್ಟಿಯ ಮೇಲೆಯೇ ಇಟ್ಟೆ. "ಹಾಕ್ದಾ?" ಅಂದರೆ "ಹಾಕ್ದೆ" ಅಂದೆ. ದಿನಾ ಬೆಳಿಗ್ಗೆ ಇದೇ ನಾಟಕ. ಕಡಲೆಪುಡಿಯನ್ನು ಒಂದು ಹಿಡಿ ಹೆಚ್ಚಿಗೆ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ಸೋಮವಾರ ನೀವು ಪೂಜೆಗೆ ಕೂರಲಿಲ್ಲ. "ಕೈ ನಡುಗ್ತವೆ, ಬುಡು," ಅಂದಿರಿ. ಆಮೇಲೆ ಹಣೆಗೆ ವಿಭೂತಿಯನ್ನೂ ಹಚ್ಚಲಿಲ್ಲ. ತಿಂಡಿಯನ್ನು ಮಾತ್ರ ಕಣ್ಣು ಮುಚ್ಚಿಕೊಂಡು, ಒಂದು ಚೂರೂ ಬಿಡದೆ ತಿನ್ನುತ್ತಿದ್ದಿರಿ. ರುಚಿ ಹತ್ತಿದೆ ಅಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳು ಇದ್ದಾಳೆಯೇ? ಹದಿನೈದೇ ದಿನ, ಹೊರಟುಬಿಟ್ಟಿರಿ. ಮಣ್ಣು ಮಾಡುವಾಗ ಅಯ್ಯನವರು ನಿಮ್ಮ ಅಂಗೈಗೆ ಲಿಂಗ ಇಟ್ಟರು. ಬೆರಳು ಮಡಚಿಕೊಳ್ಳಲಿಲ್ಲ.

ಮೊನ್ನೆ ಕೊರಟಗೆರೆಯಿಂದ ನಿಮ್ಮ ತಂಗಿ ಬಂದಿದ್ದರು. ನಾನು ಅಳುವುದನ್ನು ನೋಡಲಾರದೆ, ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದರು. "ನಮ್ಮಕ್ಕ ಬುಟ್ಟೀಲಿ ಚಿಪ್ಪು ನೋಡಿದ್ಲು ಕಣಮ್ಮ. ಸೊಸೆ ನನ್ನ ಉಳಿಸ್ಕಣಾಕೆ ಒದ್ದಾಡ್ತವ್ಳೆ, ಬ್ಯಾಡ ಅಂದ್ರೆ ನೊಂದ್ಕತಾಳೆ, ತಿಂತೀನಿ ಅಂದ್ಲು. ಆದ್ರೆ ಇನ್ಯಾವ ಮಕ ಇಟ್ಕಂಡು ಲಿಂಗ ಮುಟ್ಲಿ ಅಂತ ಫೋನ್ನಾಗೆ ಒಂದೇ ಸಮ ಅತ್ಲು. ನಿನ್ ಮ್ಯಾಲೆ ಅಷ್ಟು ಜೀವ ಇತ್ತು ನೋಡು."

ಒಂದು ಮಾತು ಕೇಳಬಾರದಿತ್ತೇ ಅತ್ತೆಮ್ಮ? ಎರಡೇಟು ಹೊಡೆಯಬಾರದಿತ್ತೇ? ನಾನಾದರೂ ಆ ಹಾಳು ಚಿಪ್ಪನ್ನು...

ಇವತ್ತು ಬೆಳಿಗ್ಗೆ ನಿಮ್ಮ ಮಗನಿಗೆ ಎಲ್ಲ ಹೇಳಿಬಿಟ್ಟೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಾಕಿದ್ರೆ ಉಳೀತಿದ್ಲೇನೋ," ಅಂದರು, ಅಷ್ಟೇ. ತಿಂಡಿ ಬಿಟ್ಟು ಅಂಗಡಿಗೆ ಹೋದರು. ಉಳಿಯುತ್ತಿದ್ದಿರಾ? ಯಾರನ್ನು ಕೇಳಲಿ ನಾನು? ಇನ್ನು ಬದುಕಿರುವಷ್ಟು ದಿನ ಈ ಮನೆಯಲ್ಲಿ ಆ ಮಾತಿನ ಜೊತೆ ನಾನು ಒಲೆ ಹಚ್ಚಬೇಕು.

ನಿಮಗೆ ಹೇಳಬೇಕಾದದ್ದು ಒಂದಿತ್ತು, ಹೊತ್ತು ಮೀರಿಹೋಯಿತು. ನಿಮ್ಮ ಬಾಯಿ ಒಂದು ದಿನವೂ ಮೈಲಿಗೆಯಾಗಲಿಲ್ಲ ಅತ್ತೆಮ್ಮ. ಆ ಹದಿನೈದು ದಿನ ನೀವು ಪೂಜೆ ಬಿಡಬೇಕಾಗಿರಲಿಲ್ಲ.

ನಿಮ್ಮ ಸೊಸೆ,
ಗಿರಿಜಾ