ಭತ್ತದ ಕೋಣೆಗೆ ಬಾಗಿಲು

ಬನವಾಸಿ
೧೪-೧೧-೨೦೨೪, ಗುರುವಾರ

ಪ್ರೀತಿಯ ಸೊಸೆ ಸ್ಫೂರ್ತಿಗೆ, ಅತ್ತೆಯ ಆಶೀರ್ವಾದ.

ಆರಾಮ ಇದ್ದೀಯೆಂದು ಮಗ ಶರಣ ಹೇಳಿದ. ಸಿದ್ದಾಪುರದ ಥಂಡಿಗೆ ನಿನ್ನ ಗಂಟಲು ಮತ್ತೆ ಕಟ್ಟಿದೆಯಂತೆ. ಜ್ಯೇಷ್ಠಮಧು ಬಾಯಲ್ಲಿಟ್ಟುಕೋ, ನಿನ್ನ ಅಕ್ಕನ ಮನೆಯಲ್ಲಿ ಅದು ಇರದಿದ್ದರೆ ಶರಣ ಮಂಚಿಕೇರಿ ಶಾಲೆಯಿಂದ ಶನಿವಾರ ಬಂದಾಗ ಕೊಟ್ಟು ಕಳಿಸುತ್ತೇನೆ. ಇಲ್ಲಿ ನಿನ್ನ ಮಾವನ ಮೊಣಕಾಲು ನೋವು ಇದ್ದ ಹಾಗೇ ಇದೆ, ಅವರ ಮಾತೂ ಇದ್ದ ಹಾಗೇ ಇದೆ. ಫೋನ್ ಮಾಡಬಹುದಿತ್ತು. ನೀನು ಎತ್ತಿದರೆ ನಾನು ಹಾಲು, ಬಸ್ಸು, ಹವಾಮಾನ ಎಂದು ಏನೇನೋ ಮಾತನಾಡಿ ಇಟ್ಟುಬಿಡುತ್ತೇನೆ. ಇಪ್ಪತ್ತಾರು ವರ್ಷ ಅಂಗನವಾಡಿಯ ರಜಿಸ್ಟರ್ ಬರೆದವಳಿಗೆ ಬರೆಯುವುದೇ ಸಲೀಸು.

ಸುದ್ದಿ ಏನೆಂದರೆ, ಭತ್ತದ ಕೋಣೆಯನ್ನು ನಿನಗೆ ಆಫೀಸು ಮಾಡಿಸಿದ್ದೇನೆ. ಚೀಲಗಳು ಅಟ್ಟ ಹತ್ತಿದವು. ಎರಡು ವರ್ಷ ನೀನು ಅಲ್ಲೇ ಮೂಲೆಯಲ್ಲಿ ಕುಳಿತು, ನೀನು ಕೆಲಸ ಮಾಡುವ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡುವ ಹೆಣ್ಣುಮಕ್ಕಳ ಕಷ್ಟ ಕೇಳುತ್ತಿದ್ದೆ. ಬಾಗಿಲಿನ ಜಾಗದಲ್ಲಿ ನನ್ನ ಹಳೆಯ ಸೀರೆ ತೂಗುತ್ತಿತ್ತು. ಸೀರೆಯ ಈಚೆ ನಾನು ಅಕ್ಕಿ ಆರಿಸುತ್ತಿದ್ದೆ. ಅವರ ದನಿ ನನಗೆ ಕೇಳುತ್ತಿರಲಿಲ್ಲ, ಆದರೆ ಅವರು ಹೇಳಿದ್ದನ್ನೇ ನೀನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ನನಗೆ ಅಷ್ಟು ಸಾಕಿತ್ತು. ಗೊತ್ತು ಮಾಡಿದ ಗಂಡು ಬೇಡವೆಂದು ಅತ್ತ ಹುಡುಗಿಯ ವಿಷಯವನ್ನು ಪಕ್ಕದ ಮನೆ ನೀಲವ್ವನಿಗೆ ಹೇಳಿದೆ. ಹೆಸರು ನನಗೂ ಗೊತ್ತಿರಲಿಲ್ಲ. ಅಂಗಡಿ ಇಟ್ಟ ಅಪ್ಪ, ಕಾಲೇಜು ಬಿಡಿಸಿದ್ದು, ಇಷ್ಟೇ ಹೇಳಿದ್ದು. ನೀಲವ್ವನ ತಂಗಿಯನ್ನು ಕೊಟ್ಟದ್ದು ಆ ಹುಡುಗಿಯ ಊರಿಗೇ ಅಂತೆ. ಎಂಟು ದಿನದಲ್ಲಿ ಮಾತು ಹುಡುಗಿಯ ಮನೆ ಮುಟ್ಟಿತು, ಅವಳ ಫೋನು ಕಸಿದುಕೊಂಡರು. "ಅತ್ತೀ, ಆಕಿ ನನ್ನ ನಂಬಿದ್ಲು" ಎಂದಷ್ಟೇ ಹೇಳಿ ನೀನು ಬ್ಯಾಗು ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ನೀನು ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಆವತ್ತು ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಖರ್ಚಿಗೆ ನನ್ನ ಹೈನದ ರೊಕ್ಕ ಬಿಟ್ಟರೆ ಬೇರೆ ಇರಲಿಲ್ಲ. ಆದ್ದರಿಂದ ನಾಗಪತಿ ಆಚಾರಿ ಕೊಟ್ಟಿಗೆಯ ಹಳೇ ಬಾಗಿಲನ್ನೇ ಹೆರೆದು ಕೂರಿಸಿದ. ನನ್ನ ಹೊಲಿಗೆ ಮಷಿನ್ನಿನ ತಲೆ ತೆಗೆದು ಮೇಲೆ ಹಲಗೆ ಬಡಿಸಿದೆ, ಅದೇ ನಿನ್ನ ಮೇಜು. ಖಾನೆ ಹಾಗೇ ಇದೆ. ಪೆಡಲೂ ಇದೆ, ಕಾಲು ಸುಮ್ಮನಿರದಿದ್ದರೆ ತುಳಿಯುತ್ತಿರು. ಹೊಸದಾಗಿ ಕೊಂಡದ್ದು ಒಂದು ಪ್ಲಗ್ ಬೋರ್ಡು, ಒಂದು ಡಬ್ಬಿ ಬಣ್ಣ, ಒಂದು ಚಿಲಕ. ಚಿಲಕ ಒಳಗಡೆ ಮಾತ್ರ. ಹಗಲು ಹೊತ್ತು ಹೆಂಗಸರು ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಈ ಮನೆಯಲ್ಲಿ ಬಚ್ಚಲಿಗೆ ಮಾತ್ರ ಇತ್ತು. ಕೂರಿಸಿದ ದಿನ ನಾನೂ ಒಮ್ಮೆ ಹಾಕಿಕೊಂಡು ಕುಳಿತು ನೋಡಿದೆ. ಮಾಡಲು ಏನೂ ತೋಚಲಿಲ್ಲ, ಎದ್ದು ಬಂದೆ.

ದನಿ ಹೊರಗೆ ಬರಬಾರದು ಎಂದದ್ದಕ್ಕೆ ನಾಗಪತಿ, "ಗೋಡೆಗೆ ಮೊಟ್ಟೆ ಟ್ರೇ ಹೊಡೀಬೇಕು ಅಮ್ಮಾ, ಪುಕ್ಕಟೆ ಸಿಗ್ತದೆ" ಎಂದ. ಲಿಂಗಪೂಜೆಯ ಮನೆಗೆ ಮೊಟ್ಟೆ ಟ್ರೇ. ನಿನ್ನ ಮಾವ "ಅವು ಒಳಗ ಬಂದ್ರ ನಾ ಕಟ್ಟಿ ಮ್ಯಾಲ ಉಣ್ತೇನಿ" ಎಂದರು, ಎರಡು ದಿನ ಹಾಗೇ ಉಂಡರು. ರಟ್ಟಿನವು, ತೊಳೆಯುವ ಹಾಗಿಲ್ಲ. ಮಡಿಯ ಸಮಾಧಾನಕ್ಕೆ ಅಂಗಳದಲ್ಲಿ ಬಿಸಿಲಿಗೆ ಹರಡಿದೆ. ಹೋಗಿ ಬರುವವರೆಲ್ಲ ನೋಡಿದರು. "ಸಾವಿತ್ರವ್ವನ ಮನ್ಯಾಗ ತತ್ತಿ ಸುರು ಆಗೇತಿ" ಎಂದು ನೀಲವ್ವ ಹಾಲಿನ ಡೇರಿಯಲ್ಲಿ ಹೇಳಿದ್ದು ಸಂಜೆಯೊಳಗೆ ನನಗೇ ತಿರುಗಿ ಬಂತು. ಯಾಕೆಂದು ಹೇಳಲು ಹೋದರೆ ನಿನ್ನ ಕೆಲಸದ ಮಾತು ಬರುತ್ತದೆ. ಮೊಟ್ಟೆ ತಿನ್ನುತ್ತಾರೆಂದೇ ತಿಳಿಯಲಿ ಎಂದು ಬಿಟ್ಟೆ.

ಇಷ್ಟಾಗಿ ಟ್ರೇ ಕೆಲಸಕ್ಕೆ ಬರಲಿಲ್ಲ. ನಿನ್ನ ಮಾವನನ್ನು ಒಳಗೆ ಕೂರಿಸಿ ಪೇಪರ್ ಓದಿಸಿದೆ, ಶುಂಠಿಯ ರೇಟೂ ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ನನ್ನ ಅತ್ತೆ ಹಳೇ ಸೀರೆ ಸೇರಿಸಿ ಹೊಲಿದ ಎರಡು ದಪ್ಪ ಕೌದಿಗಳನ್ನು ಬಾಗಿಲಿಗೆ ಒಳಗಿನಿಂದ ಹೊಡೆಸಿದೆ. ಈಗ ಅವರು ಕೂಗಿ ಓದಿದರೂ ಒಳಗೆ ಯಾರೋ ಇದ್ದಾರೆ ಎಂಬುದಷ್ಟೇ ಗೊತ್ತಾಗುತ್ತದೆ. ಅಕ್ಕಿ ಆರಿಸುವ ಜಾಗವನ್ನೂ ಹಿತ್ತಲಿಗೆ ಬದಲಾಯಿಸಿದ್ದೇನೆ.

ಬಾ ಎಂದು ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಕೋಣೆ ಇದೆ ಎಂದು ಬರೆಯಬಹುದು. ನಿನ್ನ ಅಕ್ಕ ಭಾವನವರಿಗೆ ನಮ್ಮ ಶರಣು ಹೇಳು. ಮಧುಕೇಶ್ವರ ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಅತ್ತೆ,
ಸಾವಿತ್ರವ್ವ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸೋಮವಾರ ಆ ಹುಡುಗಿ ಬಂದಿದ್ದಳು. ಗುಡಿಗೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದಳಂತೆ. ನಮ್ಮ ಮನೆಯ ಗುರುತು ನೀಲವ್ವನ ತಂಗಿಯ ಮಾತಿನಿಂದಲೇ ಸಿಕ್ಕಿತ್ತಂತೆ. ನೀನಿಲ್ಲ ಎಂದೆ. ಮಾತು ಹೊರಗೆ ಹಾಕಿದವಳು ನಾನೇ, ತಪ್ಪಾಯಿತು ಎಂದೂ ಹೇಳಿದೆ. ಅವಳು ನಿನ್ನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅರ್ಧ ತಾಸು ಕುಳಿತಳು. ನಿನಗೊಂದು ಚೀಟಿ ಬರೆದು, ಮಡಚಿ ಮೇಜಿನ ಖಾನೆಯಲ್ಲಿಟ್ಟು ಹೋದಳು. ಲಗ್ನ ಬರುವ ತಿಂಗಳು ಎಂಟಕ್ಕಂತೆ. ಚೀಟಿಯನ್ನು ನಾನು ಬಿಚ್ಚಿಲ್ಲ, ಟಪಾಲಿಗೆ ಹಾಕುವ ಧೈರ್ಯವೂ ಇಲ್ಲ. ನೀನೇ ಬಂದು ಓದಬೇಕು. ಬಾಗಿಲಲ್ಲಿ ಚಪ್ಪಲಿ ಕಂಡಿದ್ದ ನೀಲವ್ವ, ಯಾರು ಬಂದಿದ್ರು ಎಂದು ಆಮೇಲೆ ಕೇಳಿದಳು. ತತ್ತಿ ಕೇಳಾಕ ಬಂದಿದ್ರು ಅಂದೆ.